ಪಿಜಿ ಕಿಟಕಿ ಮೇಲಿನ ಐದು ಡಬ್ಬ

ಹೋದ ತಿಂಗಳು ಮದ್ದೂರಿಂದ ಚಿಕ್ಕಮ್ಮ ಫೋನ್ ಮಾಡಿದ್ರು. "ನೋಡಪ್ಪ, ನಮ್ ಹುಡ್ಗ ಅದೆಂಥದೋ ಪುಡಿ ಕುಡೀತಾವ್ನಂತೆ, ಒಂದ್ ಡಬ್ಬಕ್ಕೆ ಮೂರ್ ಸಾವ್ರ ಅಂತೆ, ಕಿಡ್ನಿ ಹೋಯ್ತದೆ ಅಂತವ್ರೆ ಇಲ್ಲಿ ಎಲ್ಲಾರೂವೆ, ನೀನೇ ವಸಿ ಹೋಗಿ ನೋಡ್ಕಂಡ್ ಬಾ." ಹುಡುಗ ಅಂದ್ರೆ ನನ್ನ ಚಿಕ್ಕಪ್ಪನ ಮಗ, ಮೈಸೂರು ಯೂನಿವರ್ಸಿಟಿ ಮಾನಸಗಂಗೋತ್ರಿಲಿ ಎಂಎಸ್ಸಿ ಮಾಡ್ತಾ ಇದಾನೆ, ಸರಸ್ವತಿಪುರಂ ಕಡೆ ಒಂದು ಪಿಜಿಲಿ ಮೂರು ಜನ ಶೇರ್ ಮಾಡ್ಕೊಂಡಿರೋ ರೂಮು. ಭಾನುವಾರ ಬೆಳಿಗ್ಗೆ ಹೋದೆ.

ಕಿಟಕಿ ಮೇಲೆ ಸಾಲಾಗಿ ಐದು ಡಬ್ಬ. ಒಂದು ವೇ ಪ್ರೋಟೀನ್, ಒಂದು ಕ್ರಿಯಾಟಿನ್ (ಮಸಲ್ಲಿಗೆ ಅಂತ ಜಿಮ್ಮಿನವರು ತಗೊಳ್ಳೋ ಪುಡಿ), ಒಂದು ಮಲ್ಟಿವಿಟಮಿನ್, ಒಂದು ಅಶ್ವಗಂಧ ಕ್ಯಾಪ್ಸೂಲು, ಐದನೇದು ಬಯೋಟಿನ್ ಅನ್ನೋ ವಿಟಮಿನ್ನಿನ ಗಮ್ಮಿ, ಅದು ಪಕ್ಕದ ಮಂಚದವನದ್ದು, ತಲೆಕೂದಲು ಉದುರುತ್ತೆ ಅಂತ. ಪಕ್ಕದಲ್ಲೇ ತೊಳೀದೇ ಇಟ್ಟ ಶೇಕರ್, ಮುಚ್ಚಳ ತೆಗೆದ್ರೆ ಹುಳಿ ಹಾಲಿನ ವಾಸನೆ.

"ಏನ್ಲಾ ಇದು, ರೂಮಾ ಮೆಡಿಕಲ್ ಸ್ಟೋರಾ?"

"ಅಣ್ಣ, ಟ್ರೈನರ್ ಹೇಳವ್ರೆ, ಪ್ರೋಟೀನ್ ತಕ್ಕೊಳ್ದೆ ವರ್ಕೌಟ್ ಮಾಡಿದ್ರೆ ಇರೋ ಮಸಲ್ಲೂ ಕರಗೋಯ್ತದಂತೆ."

ಮೊದ್ಲು ಚಿಕ್ಕಮ್ಮನ ಪ್ರಶ್ನೆ ಮುಗಿಸ್ಬಿಡ್ತೀನಿ. ಕಿಡ್ನಿ ಹೋಗಲ್ಲ. ಕಿಡ್ನಿ ಸರಿಯಿರೋ ಹುಡುಗ ದಿನಕ್ಕೆ ಒಂದು ಸ್ಕೂಪ್ ಪ್ರೋಟೀನ್ ಪುಡಿ ಕುಡಿದ್ರೆ ಕಿಡ್ನಿ ಕೆಡುತ್ತೆ ಅನ್ನೋದಕ್ಕೆ ಆಧಾರ ಇಲ್ಲ. ಆಗ್ಲೇ ಕಿಡ್ನಿ ತೊಂದರೆ ಇರೋರಿಗೆ ಮಾತ್ರ ಡಾಕ್ಟರು ಪ್ರೋಟೀನೇ ಕಮ್ಮಿ ಮಾಡಿ ಅಂತಾರೆ, ಆ ಮಾತು ಬಾಯಿಂದ ಬಾಯಿಗೆ ಬಂದು ಎಲ್ಲರ ಕಿಡ್ನಿಗೂ ಅಂಟಿಕೊಂಡಿದೆ. ಕ್ರಿಯಾಟಿನ್ ತಗೊಳ್ಳೋರ ಬ್ಲಡ್ ಟೆಸ್ಟಲ್ಲಿ ಕ್ರಿಯಾಟಿನಿನ್, ಅಂದ್ರೆ ಕಿಡ್ನಿ ಹೇಗಿದೆ ಅಂತ ನೋಡೋ ಅಂಕಿ, ಸ್ವಲ್ಪ ಮೇಲೆ ಕಾಣಬಹುದು, ಯಾಕಂದ್ರೆ ಕ್ರಿಯಾಟಿನ್ ಮೈಯಲ್ಲಿ ಒಡೆದು ಕ್ರಿಯಾಟಿನಿನ್ನೇ ಆಗೋದು, ಡಾಕ್ಟರಿಗೆ ಮೊದ್ಲೇ ಹೇಳದಿದ್ರೆ ಅವ್ರೂ ಗಾಬರಿ ಬೀಳ್ತಾರೆ. ಆ ಐದು ಡಬ್ಬದಲ್ಲಿ ಅತಿ ಹೆಚ್ಚು ಪರೀಕ್ಷೆಗೆ ಒಳಗಾಗಿರೋದು ಈ ಕ್ರಿಯಾಟಿನ್ನೇ, ದಿನಕ್ಕೆ 3ರಿಂದ 5 ಗ್ರಾಂ ಸಾಕು, ಭಾರ ಎತ್ತೋರಿಗೆ ಒಂದಷ್ಟು ಉಪಯೋಗ ಇದೆ. ಮೊದಲನೇ ವಾರ ಒಂದೂವರೆ ಕೆಜಿ ಜಾಸ್ತಿ ಆದೆ ಅಂತ ಕುಣೀಬೇಡಿ ಅಷ್ಟೇ, ಅದು ಮಸಲ್ಲಲ್ಲಿ ನಿಂತಿರೋ ನೀರು.

ನನಗೆ ಜಾಸ್ತಿ ಯೋಚನೆಗೆ ಹಚ್ಚಿದ್ದು ಡಬ್ಬ ಅಲ್ಲ, ಬಾಗಿಲ ಹಿಂದೆ ಅಂಟಿಸಿದ್ದ ಪಿಜಿ ಮೆನು. ಬೆಳಿಗ್ಗೆ ಚಿತ್ರಾನ್ನ, ಇಲ್ಲ ಪುಳಿಯೋಗರೆ, ಇಲ್ಲ ಅವಲಕ್ಕಿ, ಇಲ್ಲ ಟೊಮೇಟೋ ಬಾತು. ಮಧ್ಯಾಹ್ನ ಅನ್ನ, ತಿಳಿಸಾರು, ಹಪ್ಪಳ. ರಾತ್ರಿ ಎರಡು ಚಪಾತಿ, ಅದೇ ಸಾರು, ಅನ್ನ. ಭಾನುವಾರ ಸ್ಪೆಷಲ್ ಅಂತ ಪಲಾವು. ಸಾರಲ್ಲಿ ಬೇಳೆ ಹುಡುಕಬೇಕಂದ್ರೆ ಬಲೆ ಹಾಕ್ಬೇಕು. ಅಲ್ಲೇ ಮಂಚದ ಮೇಲೆ ಕೂತು ಇಬ್ಬರೂ ಲೆಕ್ಕ ಹಾಕಿದ್ವಿ, ಅವನ ಲ್ಯಾಬ್ ರೆಕಾರ್ಡಿನ ಹಿಂದಿನ ಪೇಜಲ್ಲೇ. ಅಕ್ಕಿ ನೂರು ಗ್ರಾಮಿಗೆ ಏಳೆಂಟು ಗ್ರಾಂ ಪ್ರೋಟೀನ್, ಗೋಧಿ ಅದಕ್ಕಿಂತ ಸ್ವಲ್ಪ ಮೇಲು. ಇವನು ರಾತ್ರಿ ಎರಡು ಗಂಟೆವರೆಗೂ ಫೋನ್ ನೋಡಿ ಎಂಟೂವರೆಗೆ ಏಳೋನು, ವಾರದಲ್ಲಿ ನಾಲ್ಕು ದಿನ ತಿಂಡಿನೇ ಇಲ್ಲ. ಎರಡು ಹೊತ್ತಿನ ಅನ್ನ ಚಪಾತಿ ಸೇರಿ ಹದಿನೇಳು ಹದಿನೆಂಟು ಗ್ರಾಂ, ಬೇಳೆಯಿಂದ ಐದಾರು, ಎರಡು ಟೀ ಒಂದು ಬಟ್ಟಲು ಮೊಸರು ಅಂತ ಇನ್ನೊಂದೈದು, ಎಲ್ಲಾ ಕೂಡಿದ್ರೆ 28 ಗ್ರಾಂ ದಾಟೋದು ಕಷ್ಟ.

ಅವನ ತೂಕ 62 ಕೆಜಿ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರ ಲೆಕ್ಕದ ಪ್ರಕಾರ ಆರೋಗ್ಯವಂತ ದೊಡ್ಡೋರಿಗೆ ದಿನಕ್ಕೆ ಕೆಜಿ ತೂಕಕ್ಕೆ 0.83 ಗ್ರಾಂ ಪ್ರೋಟೀನು, ಅಂದ್ರೆ ಇವನಿಗೆ 51 ಗ್ರಾಂ. ಜಿಮ್ಮು ಗಿಮ್ಮು ಏನೂ ಇಲ್ದೆ ಬರೀ ಕ್ಲಾಸಿಗೆ ಹೋಗಿ ಬಂದ್ಕೊಂಡಿರೋನಿಗೆ ಇಷ್ಟು. 28 ಸಿಗ್ತಿದೆ, 23 ಬಾಕಿ. ಡಬ್ಬ ತಿರುಗಿಸಿ ನೋಡಿದ್ರೆ ಒಂದು ಸ್ಕೂಪಿಗೆ 24 ಗ್ರಾಂ ಅಂತ ಬರ್ದಿದೆ.

ಹುಡುಗ ಸುಮ್ನೆ ನೋಡ್ತಾ ಕೂತ. ಬಾಡಿ ಬಿಲ್ಡ್ ಮಾಡೋಕೆ ಅಂತ ತಂದ ಪುಡಿ ಬಿಲ್ಡಿಂಗ್ ಏನೂ ಮಾಡ್ತಿಲ್ಲ, ಪಿಜಿಯವರು ಊಟದಲ್ಲಿ ಉಳಿಸ್ಕೊಂಡ ಸಾಲ ತೀರಿಸ್ತಾ ಇದೆ, ಅದೂ ಅವನಪ್ಪನ ದುಡ್ಡಲ್ಲಿ. ಮೂರು ಸಾವಿರದ ಒಂದು ಕೆಜಿ ಡಬ್ಬದಲ್ಲಿ ಮೂವತ್ತು ಸ್ಕೂಪು, ದಿನಕ್ಕೆ ನೂರು ರೂಪಾಯಿ. ಅದೇ ಪ್ರೋಟೀನು ಎರಡು ಮೊಟ್ಟೆ, ಎರಡು ಹಿಡಿ ಕಡಲೆಕಾಯಿ ಬೀಜದಲ್ಲಿ ಇಪ್ಪತ್ತೈದು ರೂಪಾಯಿ ಆಸುಪಾಸಲ್ಲಿ ಬರುತ್ತೆ. ಮೊಟ್ಟೆ ಒಂದಕ್ಕೆ 6 ಗ್ರಾಂ, ಕಡಲೆಕಾಯಿ ಬೀಜ ನೂರು ಗ್ರಾಮಿಗೆ 25, ಹುರಿಗಡಲೆ 20 ದಾಟುತ್ತೆ, ಹುರುಳಿಕಾಳು 22ರ ಹತ್ತಿರ, ಸೋಯಾ ಚಂಕ್ಸ್ ಅಂತೂ 50ರ ಮೇಲೆ. ಅರ್ಧ ಲೀಟರ್ ನಂದಿನಿ ಹಾಲಲ್ಲೇ 15 ಗ್ರಾಂ ಇದೆ.

ಇಷ್ಟು ಹೇಳಿ "ಪುಡಿ ಬಿಸಾಕು, ಹುರುಳಿಸಾರು ತಿನ್ನು" ಅಂತ ಎದ್ದು ಬರೋದು ಸುಲಭ, ಎಷ್ಟೋ ಜನ ಹಿರಿಯರು ಹಾಗೇ ಮಾಡೋದು. ಆದ್ರೆ ಆ ರೂಮಲ್ಲಿ ಒಲೆ ಇಲ್ಲ. ಓನರ್ ಪ್ಯೂರ್ ವೆಜ್, ಮೊಟ್ಟೆ ಒಳಗೆ ತರಂಗಿಲ್ಲ. ಮೇಲಿನ ರೂಮಿನ ಹುಡುಗ ಒಬ್ಬ ಎಲೆಕ್ಟ್ರಿಕ್ ಕೆಟಲಲ್ಲಿ ಕದ್ದು ಮೊಟ್ಟೆ ಬೇಯ್ಸಿ, ವಾಸನೆ ಕೆಳಗಿಳಿದು, ಅಡ್ವಾನ್ಸಲ್ಲಿ ಐನೂರು ರೂಪಾಯಿ ಕಳ್ಕೊಂಡ. ಪುಡಿಗೆ ನೀರೊಂದಿದ್ರೆ ಸಾಕು. ಅದು ಗೆಲ್ತಿರೋದು ಅಲ್ಲಿ, ಜಾಹೀರಾತಿಂದ ಮಾತ್ರ ಅಲ್ಲ. ಊರಲ್ಲಿದ್ದಾಗ ಇದೇ ಹುಡುಗ ಬೆಳಿಗ್ಗೆ ಮುದ್ದೆ ಬಸ್ಸಾರು ಉಂಡು ಕಾಲೇಜಿಗೆ ಹೋಗ್ತಿದ್ದ, ಒಂದು ದೊಡ್ಡ ಮುದ್ದೆ ಅಂದ್ರೆ ನೂರು ಗ್ರಾಂ ರಾಗಿಹಿಟ್ಟು, 7 ಗ್ರಾಂ ಪ್ರೋಟೀನು, ಜೊತೆಗೆ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ, ಬಸ್ಸಾರಿನ ಕಾಳು ಬೇರೆ. ಪ್ರೋಟೀನ್ ಆಗೋದು ಅಮೈನೋ ಆಸಿಡ್ಡುಗಳಿಂದ, ರಾಗಿ ಪ್ರೋಟೀನಲ್ಲಿ ಕಮ್ಮಿ ಇರೋ ಲೈಸಿನ್ ಕಾಳಲ್ಲಿದೆ, ಕಾಳಲ್ಲಿ ಕಮ್ಮಿ ಇರೋ ಮೆಥಿಯೋನಿನ್ ರಾಗಿಲಿದೆ. ನಮ್ಮಜ್ಜಿಗೆ ಅಮೈನೋ ಆಸಿಡ್ ಗೊತ್ತಿರ್ಲಿಲ್ಲ, ಅವರೆಕಾಳು ಗೊತ್ತಿತ್ತು.

ಜಿಮ್ಮಿಗೆ ನಿಜವಾಗ್ಲೂ ಹೋಗೋನ ಲೆಕ್ಕ ಬೇರೆ, ಅದನ್ನೂ ಹೇಳ್ಬೇಕು. 2024ರ ಮೇ ತಿಂಗಳಲ್ಲಿ ಐಸಿಎಂಆರ್‌ನ ಹೈದರಾಬಾದಿನ ಪೋಷಣಾ ಸಂಸ್ಥೆ ಹೊಸ ಆಹಾರ ಮಾರ್ಗಸೂಚಿ ಬಿಡ್ತಲ್ಲ, ಅದರಲ್ಲಿ ಬಾಡಿ ಬಿಲ್ಡಿಂಗಿಗೆ ಅಂತ ಪ್ರೋಟೀನ್ ಸಪ್ಲಿಮೆಂಟ್ ಬೇಡ ಅಂತಾನೇ ಇದೆ, ಪುಡಿ ತಗೊಂಡ್ರೂ ಮಸಲ್ ಬೆಳವಣಿಗೆ ಸಿಗೋದು ಸ್ವಲ್ಪವೇ, ಕೆಜಿಗೆ 1.6 ಗ್ರಾಂ ದಾಟಿದ್ಮೇಲೆ ಎಷ್ಟು ತಿಂದ್ರೂ ಲಾಭ ಇಲ್ಲ ಅಂತ. ನಮ್ಮ ಹುಡುಗನಿಗೆ ಆ ಮೇಲಿನ ಗೆರೆ 99 ಗ್ರಾಂ. ಅವನ ಟ್ರೈನರ್ ಹೇಳಿದ್ದು 150. ಟ್ರೈನರ್ ಪುಡಿನೂ ಮಾರ್ತಾರೆ, ಬೇರೆ ಮಾತು ಬೇಕಾ. 28 ಗ್ರಾಂ ಊಟದ ಮೇಲೆ ವಾರಕ್ಕೆ ಐದು ದಿನ ಭಾರ ಎತ್ತೋ ಹುಡುಗನಿಗೆ ಒಂದು ಸ್ಕೂಪು ತಪ್ಪು ಅಂತ ನಾನಂತೂ ಹೇಳಲ್ಲ. ವೇ ಅಂದ್ರೆ ಹಾಲು ಒಡೆದಾಗ ಬರೋ ಆ ಹಸಿರು ಹಳದಿ ನೀರು, ಅದನ್ನ ಸೋಸಿ ಒಣಗಿಸಿದ್ದು. ಮನೇಲಿ ಪನೀರ್ ಮಾಡಿ ಸಿಂಕಿಗೆ ಸುರಿಯೋದನ್ನೇ ಡಬ್ಬಕ್ಕೆ ತುಂಬಿ ಕೊಟ್ಟಿದ್ದಾರೆ.

ಮೈಸೂರಿಗೆ ಪ್ರೋಟೀನ್ ಪುಡಿ ಹೊಸದೇನಲ್ಲ ಅನ್ನೋದು ಇನ್ನೊಂದು ತಮಾಷೆ. ರೈಲ್ವೆ ಮ್ಯೂಸಿಯಂ ಎದುರಿಗಿರೋ ಸಿಎಫ್‌ಟಿಆರ್‌ಐ, ಅಂದ್ರೆ ಕೇಂದ್ರ ಸರ್ಕಾರದ ಆಹಾರ ಸಂಶೋಧನಾ ಸಂಸ್ಥೆ, ಅದೇ ಚೆಲುವಾಂಬ ಮ್ಯಾನ್ಷನ್, 1950ರಲ್ಲಿ ಶುರುವಾಗಿದ್ದು, ಅಲ್ಲಿ ಆ ದಶಕದಲ್ಲೇ ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು ಮುಕ್ಕಾಲು ಪಾಲು, ಕಡಲೆ ಹಿಟ್ಟು ಕಾಲು ಪಾಲು ಬೆರೆಸಿ ಮೇಲೆ ವಿಟಮಿನ್ ಸೇರಿಸಿ ಇಂಡಿಯನ್ ಮಲ್ಟಿಪರ್ಪಸ್ ಫುಡ್ ಅಂತ ಮಾಡಿದ್ರು. ಬಡವರ ಮಕ್ಕಳ ಹೊಟ್ಟೆಗೆ ಪ್ರೋಟೀನ್ ಹೋಗ್ಲಿ ಅಂತ. ಅದೇ ಊರಲ್ಲಿ ಅಲ್ಲಿಂದ ಒಂದೆರಡು ಮೈಲಿ ದೂರದ ಹುಡುಗ ಈಗ ಹೊರದೇಶದ ಪುಡಿಗೆ ದಿನಕ್ಕೆ ನೂರು ರೂಪಾಯಿ ಕೊಡ್ತಾ ಇದಾನೆ. ಗರಡಿ ಮನೆಯವ್ರನ್ನ ಕೇಳಿದ್ರೆ ಅವರದ್ದೂ ಸಪ್ಲಿಮೆಂಟೇ, ನೆನೆಸಿದ ಬಾದಾಮಿ ಅರೆದು ಹಾಲಿಗೆ ಹಾಕಿ, ತುಪ್ಪ, ಮೊಟ್ಟೆ, ದಸರಾ ಕುಸ್ತಿ ಹತ್ರ ಬಂತು ಅಂದ್ರೆ ಮಟನ್ನು. ಪೈಲ್ವಾನರಿಗೂ ದುಡ್ಡು ಖರ್ಚಾಗ್ತಿತ್ತು, ಏನು ತಿಂತಿದೀವಿ ಅನ್ನೋದಾದ್ರೂ ಕಣ್ಣಿಗೆ ಕಾಣ್ತಿತ್ತು.

ಡಬ್ಬದಲ್ಲಿ ಅದು ಕಾಣಲ್ಲ, ನನ್ನ ದೊಡ್ಡ ತಕರಾರು ಇದೇ. ಪ್ರೋಟೀನ್ ಅಳೆಯೋ ಹಳೇ ಪದ್ಧತಿ ಏನಂದ್ರೆ ನೈಟ್ರೋಜನ್ ಎಷ್ಟಿದೆ ನೋಡಿ ಅದನ್ನ 6.25ರಿಂದ ಗುಣಿಸೋದು. ಯಂತ್ರಕ್ಕೆ ನೈಟ್ರೋಜನ್ ಎಲ್ಲಿಂದ ಬಂತು ಅನ್ನೋದು ಬೇಕಿಲ್ಲ. ಹಾಗಾಗಿ ಗ್ಲೈಸಿನ್, ಟೌರಿನ್ ಅನ್ನೋ ನೈಟ್ರೋಜನ್ ಇರೋ ಅಗ್ಗದ ಪುಡಿ ಬೆರೆಸಿದ್ರೆ ಲೇಬಲ್ ಮೇಲೆ ಪ್ರೋಟೀನ್ ಏರುತ್ತೆ, ಮಸಲ್ಲಿಗೆ ಬೇಕಾದ್ದು ಏರಲ್ಲ. ಜಿಮ್ಮಲ್ಲಿ ಇದನ್ನ ಸ್ಪೈಕಿಂಗ್ ಅಂತಾರೆ. ಚೀನಾದಲ್ಲಿ 2008ರಲ್ಲಿ ನೀರು ಬೆರೆಸಿದ ಹಾಲಿಗೆ ಮೆಲಮೈನ್ ಅನ್ನೋ ನೈಟ್ರೋಜನ್ ತುಂಬಿದ ಕೆಮಿಕಲ್ ಹಾಕಿ ಮಕ್ಕಳ ಕಿಡ್ನಿ ಹಾಳಾಯ್ತಲ್ಲ, ಅದೂ ಇದೇ ಲೆಕ್ಕದ ಮೋಸ. 2024ರಲ್ಲಿ ಕೇರಳದ ಲಿವರ್ ಡಾಕ್ಟರ್ ಸಿರಿಯಕ್ ಆಬಿ ಫಿಲಿಪ್ಸ್ ಮತ್ತವರ ಜೊತೆಯವರು ನಮ್ಮ ದೇಶದಲ್ಲಿ ಮಾರೋ 36 ಪ್ರೋಟೀನ್ ಪುಡಿ ತಂದು ಲ್ಯಾಬಲ್ಲಿ ನೋಡಿದ್ರು. ಸುಮಾರು ಶೇ. 70ರಷ್ಟರಲ್ಲಿ ಲೇಬಲ್ ಮೇಲಿನ ಪ್ರೋಟೀನ್ ಲೆಕ್ಕ ಸರಿಯಿಲ್ಲ, ಕೆಲವದರಲ್ಲಿ ಬರೆದದ್ದರ ಅರ್ಧ, ಶೇ. 14ರಷ್ಟರಲ್ಲಿ ಅಫ್ಲಾಟಾಕ್ಸಿನ್ ಅನ್ನೋ ಬೂಷ್ಟಿನ ವಿಷ, ಶೇ. 8ರಷ್ಟರಲ್ಲಿ ಕೀಟನಾಶಕದ ಅಂಶ. ಈಗ ನಮ್ಮ ಹುಡುಗನ 24 ಗ್ರಾಂ ನಿಜವಾಗ್ಲೂ 24 ಅಂತ ಯಾರು ಹೇಳ್ಬೇಕು? ನಮ್ಮ ಕಾನೂನಲ್ಲಿ ಇದು ಔಷಧಿ ಅಲ್ಲ, ಆಹಾರ. ಎಫ್‌ಎಸ್‌ಎಸ್‌ಎಐ ಅನ್ನೋ ಆಹಾರ ಸುರಕ್ಷತಾ ಪ್ರಾಧಿಕಾರದ ಕೈಕೆಳಗೆ ಬರುತ್ತೆ, 14 ಅಂಕಿಯ ಲೈಸೆನ್ಸ್ ನಂಬರ್ ಇರ್ಬೇಕು, ಔಷಧಿಯಾಗಿ ಬಳಸೋದಕ್ಕಲ್ಲ ಅಂತ ಬರೆದಿರ್ಬೇಕು. ಮಾತ್ರೆಗೆ ಮಾರ್ಕೆಟ್ಟಿಗೆ ಬರೋ ಮುಂಚೆ ಇರೋ ಪರೀಕ್ಷೆ ಇದಕ್ಕಿಲ್ಲ. ನಂಬರ್ ಇದ್ರೆ ಕಂಪನಿ ಇದೆ ಅಂತ ಗೊತ್ತಾಗುತ್ತೆ, ಒಳಗಿನ ಪುಡಿ ಬಗ್ಗೆ ಆ ನಂಬರ್ ಏನೂ ಹೇಳಲ್ಲ.

ತೂಕ ಏರಿಸೋಕೆ ಮಾಸ್ ಗೇನರ್ ಅಂತ ಬರುತ್ತಲ್ಲ, ಬಕೆಟ್ ಸೈಜಿನ ಡಬ್ಬ, ಅದನ್ನ ಮಾತ್ರ ಮಂಡ್ಯದ ಹುಡುಗ್ರು ತಗೊಂಡ್ರೆ ನನಗೆ ನಗು ತಡೆಯಲ್ಲ. ಅದರಲ್ಲಿ ಬಹುಪಾಲು ಮಾಲ್ಟೋಡೆಕ್ಸ್‌ಟ್ರಿನ್, ಅಂದ್ರೆ ಜೋಳದ ಪಿಷ್ಟ ಒಡೆದು ಮಾಡಿದ ಪುಡಿ, ಸಕ್ಕರೆಯಷ್ಟೇ ಬೇಗ ರಕ್ತಕ್ಕೆ ಸೇರುತ್ತೆ. ಕಬ್ಬಿನ ಗದ್ದೆಯಿಂದ ಮೈಸೂರಿಗೆ ಬಂದು, ಡಬ್ಬಕ್ಕೆ ಎರಡು ಸಾವಿರ ಕೊಟ್ಟು ಸಿಹಿಪುಡಿ ಕೊಂಡು, ಬಸ್ಸಲ್ಲಿ ಊರಿಗೆ ತಗೊಂಡು ಹೋಗೋದು.

ಪುಡಿಗಿಂತ ಭಯ ಬೀಳ್ಬೇಕಾದ್ದು ಬೇರೆ ಇದೆ. ಕುವೆಂಪುನಗರದಲ್ಲಿ ನನ್ನ ಗೆಳೆಯನದ್ದೊಂದು ಮೆಡಿಕಲ್ ಸ್ಟೋರ್, ಸಂಜೆ ಹೊತ್ತು ಅಲ್ಲಿ ಹೋಗಿ ಕೂರೋದು ನನ್ನ ಚಟ. ವಾರಕ್ಕೊಬ್ರಾದ್ರೂ ಹುಡುಗ್ರು ಬಂದು ದನಿ ತಗ್ಗಿಸಿ "ಸಾರ್, ದಪ್ಪ ಆಗೋ ಮಾತ್ರೆ ಇದ್ಯಾ" ಅಂತಾರೆ. ಅದು ಏನಂದ್ರೆ ಸಿಪ್ರೋಹೆಪ್ಟಡಿನ್, ಅಲರ್ಜಿ ಮಾತ್ರೆ, ಹಸಿವು ಜಾಸ್ತಿ ಮಾಡುತ್ತೆ, ನಿದ್ದೇನೂ. ಕೆಲವು ಕಡೆ ಅದರ ಜೊತೆ ಡೆಕ್ಸಾಮೆಥಾಸೋನ್ ಅನ್ನೋ ಸ್ಟಿರಾಯ್ಡ್ ಸೇರಿಸಿ ಕೊಡೋರಿದಾರೆ. ಎರಡು ವಾರಕ್ಕೆ ಮುಖ ತುಂಬ್ಕೊಳ್ಳುತ್ತೆ, ಊರಿಗೆ ಹೋದ್ರೆ "ಮೈಸೂರ್ ನೀರು ಒಗ್ಗದೆ ಕಣಪ್ಪ" ಅಂತಾರೆ, ಅದು ನೀರೂ ಅಲ್ಲ ಮೈಯೂ ಅಲ್ಲ, ಸ್ಟಿರಾಯ್ಡಿಂದ ಬಂದ ಊತ. ತುಂಬಾ ದಿನ ತಗೊಂಡು ಸಡನ್ನಾಗಿ ನಿಲ್ಸಿದ್ರೆ ಮೈ ತಾನೇ ಮಾಡ್ಕೊಳ್ತಿದ್ದ ಸ್ಟಿರಾಯ್ಡು ನಿಂತಿರುತ್ತೆ, ಬಿಪಿ ಬಿದ್ದು ಆಸ್ಪತ್ರೆ ಸೇರೋ ಪರಿಸ್ಥಿತಿ. ಗೆಳೆಯ ಕೊಡಲ್ಲ. ಕೊಡದಿದ್ರೆ ಮುಂದಿನ ಅಂಗಡಿಗೆ ಹೋಗ್ತಾರೆ.

ವಿಟಮಿನ್ನಿಂದ ಏನಾಗುತ್ತೆ ಬಿಡಿ ಅನ್ನೋರಿಗೆ ಒಂದು ಕತೆ. ನಮ್ಮ ಬೀದಿಯ ಇಂಜಿನಿಯರಿಂಗ್ ಹುಡುಗನಿಗೆ ವಿಟಮಿನ್ ಡಿ ಕಮ್ಮಿ ಅಂತ ಡಾಕ್ಟರು 60,000 ಐಯು ಸ್ಯಾಶೆ ಬರೆದುಕೊಟ್ಟಿದ್ರು, ವಾರಕ್ಕೊಂದು, ಎಂಟು ವಾರ. ಇವನು ದಿನಕ್ಕೊಂದು ಅಂದ್ಕೊಂಡ. ಮುಗಿದ ಮೇಲೆ ಚೆನ್ನಾಗಿದೆ ಅಂತ ಇನ್ನೊಂದಷ್ಟು ತಾನೇ ತಂದ. ದಿನಕ್ಕೆ ಬೇಕಾಗಿರೋದು 600 ಐಯು, ಅಂದ್ರೆ ಒಂದು ಸ್ಯಾಶೆ ನೂರು ದಿನದ ಲೆಕ್ಕ. ಬಿ, ಸಿ ವಿಟಮಿನ್ ಜಾಸ್ತಿ ಆದ್ರೆ ಬಹುತೇಕ ಉಚ್ಚೇಲಿ ಹೋಗುತ್ತೆ, ಡಿ ಹಾಗಲ್ಲ, ಕೊಬ್ಬಲ್ಲಿ ಕೂತ್ಕೊಳ್ಳುತ್ತೆ. ವಾಂತಿ, ತಡೆಯಲಾರದ ಬಾಯಾರಿಕೆ, ಮಲಬದ್ಧತೆ, ಕೊನೆಗೆ ಟೆಸ್ಟ್ ಮಾಡಿದ್ರೆ ರಕ್ತದಲ್ಲಿ ಕ್ಯಾಲ್ಸಿಯಂ ಮಿತಿ ಮೀರಿ ಏರಿತ್ತು. ನಾಲ್ಕು ದಿನ ಡ್ರಿಪ್ಪು. ನೋಡಿ, ಕಿಡ್ನಿಗೆ ಏಟು ಬೀಳೋದು ಇಂಥದ್ದರಲ್ಲಿ, ಚಿಕ್ಕಮ್ಮ ಹೆದರಿದ ಪುಡಿಯಿಂದಲ್ಲ.

ಪಕ್ಕದ ಮಂಚದವನ ಬಯೋಟಿನ್ ಗಮ್ಮಿ ಅಷ್ಟು ಅಪಾಯ ಅಲ್ಲ, ಆದ್ರೆ ಅದಕ್ಕೊಂದು ಕಿತಾಪತಿ ಇದೆ. ದಿನಕ್ಕೆ ಬೇಕಾದ್ದು ಮೂವತ್ತು ನಲವತ್ತು ಮೈಕ್ರೋಗ್ರಾಂ, 10,000 ಅಂತ ಬರೆದಿರೋ ಡಬ್ಬಗಳು ಆನ್‌ಲೈನಲ್ಲಿ ಸಿಗ್ತವೆ. ಥೈರಾಯ್ಡ್ ಟೆಸ್ಟ್ ಮಾಡೋ ಎಷ್ಟೋ ಮಷೀನು ಕೆಲಸ ಮಾಡೋದೇ ಬಯೋಟಿನ್ ಅಂಟಿಸಿಕೊಂಡು, ರಕ್ತದಲ್ಲಿ ಅದು ತುಂಬಿಕೊಂಡಿದ್ರೆ ಥೈರಾಯ್ಡ್ ಅಳೆಯೋ ಅಂಕಿ ಟಿಎಸ್‌ಎಚ್ ಸುಳ್ಳುಸುಳ್ಳೇ ಕಮ್ಮಿ ತೋರಿಸ್ಬಹುದು, ಇಲ್ಲದ ಥೈರಾಯ್ಡಿಗೆ ಮಾತ್ರೆ ಶುರುವಾಗುತ್ತೆ. ಹಾರ್ಟ್ ಅಟ್ಯಾಕ್ ಕಂಡುಹಿಡಿಯೋ ಟ್ರೋಪೋನಿನ್ ಟೆಸ್ಟೂ ಹೀಗೇ ತಪ್ಪಬಹುದು ಅಂತ ಅಮೆರಿಕದ ಆಹಾರ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಸಿದೆ. ಇನ್ನು ಆ ಹುಡುಗನ ಕೂದಲು? ವಿಚಾರಿಸಿದ್ರೆ ಮೂರು ತಿಂಗಳ ಹಿಂದೆ ಡೆಂಗ್ಯೂ ಆಗಿತ್ತಂತೆ. ದೊಡ್ಡ ಜ್ವರ ಬಂದು ಎರಡು ಮೂರು ತಿಂಗಳಿಗೆ ಕೂದಲು ಉದುರೋದು ಮಾಮೂಲು, ತಾನಾಗೇ ನಿಲ್ಲುತ್ತೆ. ನಿಂತಾಗ ಗಮ್ಮಿ ಕಂಪನಿಗೆ ಐದು ಸ್ಟಾರು.

ಅಶ್ವಗಂಧ ಬಗ್ಗೆ ಉದ್ದ ಬೇಡ. ನಮ್ಮದೇ ಬೇರು, ಆಯುರ್ವೇದದ್ದು, ಏನೂ ಆಗಲ್ಲ ಅಂತಾರೆ, ಆದ್ರೆ ಲಿವರ್ ಊದಿಕೊಂಡ ಕೇಸುಗಳು ದಾಖಲಾಗಿವೆ, ಡೆನ್ಮಾರ್ಕ್ 2023ರಲ್ಲಿ ನಿಷೇಧನೇ ಮಾಡ್ತು. ತೂಕ ಇಳಿಸೋ ಗಾರ್ಸೀನಿಯಾ ಕ್ಯಾಪ್ಸೂಲೂ ಅಷ್ಟೇ. ಅದು ಯಾವ ಕಾಯಿ ಅಂತೀರಾ, ಕೊಡಗಿನವರು ಹಂದಿ ಸಾರಿಗೆ ಹಾಕೋ ಕಾಚಂಪುಳಿ ಇದ್ಯಲ್ಲ, ಅದೇ, ಮಲೆನಾಡಿನ ಉಪ್ಪಾಗೆ. ಸಾರಿಗೆ ಒಂದು ಚಮಚ ಹಾಕೋದಕ್ಕೂ ಅದರ ಸಾರ ಹಿಂಡಿ ದಿನಕ್ಕೆ ಮೂರು ಸಲ ನುಂಗೋದಕ್ಕೂ ವ್ಯತ್ಯಾಸ ಇದೆ, ಲಿವರಿಗೆ ಆ ವ್ಯತ್ಯಾಸ ಗೊತ್ತಾಗುತ್ತೆ.

ಗೆಳೆಯನ ಅಂಗಡೀಲಿ ಕೂತು ಇನ್ನೊಂದು ಗಮನಿಸಿದೀನಿ. ಸಪ್ಲಿಮೆಂಟ್ ಅಂತ ಕೇಳ್ಕೊಂಡು ಬರೋರು ಜಿಮ್ಮಿನ ಹುಡುಗ್ರು, ಸ್ಕಿನ್ನು ಹೇರು ಅಂತ ಸ್ವಲ್ಪ ಹುಡುಗೀರು. ಐರನ್ ಮಾತ್ರೆ ಕೇಳ್ಕೊಂಡು ತಾವಾಗೇ ಬರೋ ಕಾಲೇಜ್ ಹುಡುಗಿ ಅಪರೂಪ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ದೇಶಕ್ಕೆ ಶೇ. 57, ಕರ್ನಾಟಕದಲ್ಲಿ ಹತ್ತಿರತ್ತಿರ ಅರ್ಧ ಜನಕ್ಕೆ ರಕ್ತಹೀನತೆ. ಸಪ್ಲಿಮೆಂಟ್ ನಿಜವಾಗ್ಲೂ ಬೇಕಿರೋರು ಇವರು, ಮೊಟ್ಟೆ ಮಾಂಸ ಮುಟ್ಟದೆ ಹಾಲು ಮೊಸರೂ ಬಿಟ್ಟು ಬಿ12 ತಳ ಕಂಡಿರೋ ಮಕ್ಕಳು, ಇವರಿಗೆ ಟ್ರೈನರೂ ಇಲ್ಲ ರೀಲ್ಸೂ ಇಲ್ಲ. ಐರನ್ ಮಾತ್ರೆ ಸರ್ಕಾರದ್ದು ಬಿಟ್ಟಿ, ಹೊರಗೆ ತಗೊಂಡ್ರೂ ತಿಂಗಳಿಗೆ ಒಂದು ಸ್ಕೂಪು ವೇ ದುಡ್ಡು ಸಾಕು. ಬಿಟ್ಟಿ ಅನ್ನೋದಕ್ಕೇನೋ ಯಾರಿಗೂ ಅದರ ಮೇಲೆ ನಂಬಿಕೆ ಇಲ್ಲ.

ಸಂಜೆ ಚಿಕ್ಕಮ್ಮಂಗೆ ಫೋನ್ ಮಾಡಿ ಕಿಡ್ನಿ ಏನೂ ಆಗಲ್ಲ, ಬಸ್ಸಲ್ಲಿ ವಾರವಾರ ಹುರಿಗಡಲೆ ಕಡಲೆಕಾಯಿ ಬೀಜ ಕಳ್ಸಿ, ಪುಡಿ ಅರ್ಧಕ್ಕೆ ಇಳಿಸ್ತಾನೆ ಅಂದೆ. ಆಮೇಲೆ ಸುಮ್ನೆ ಕೇಳ್ದೆ, ಪಾಪು ಹೆಂಗವ್ಳೆ ಅಂತ. ಪಾಪು ಅಂದ್ರೆ ಇವನ ತಂಗಿ, ಮಂಡ್ಯದಲ್ಲಿ ಡಿಗ್ರಿ ಎರಡನೇ ವರ್ಷ.

"ಅವ್ಳಿಗೇನಪ್ಪ, ಚೆಂದಾಗವ್ಳೆ. ವಸಿ ಸುಸ್ತು ಅಂತಾಳೆ, ಮೆಟ್ಲತ್ತುದ್ರೆ ಏದುಸಿರು, ಈ ವಯಸ್ಸಲ್ಲಿ ಎಲ್ಲಾರ್ಗೂ ಇದ್ದದ್ದೇ ಅಲ್ವಾ."

ಟೆಸ್ಟ್ ಮಾಡ್ಸಿ ಅಂತ ಎರಡು ವಾರ ಕಾಡಿದ್ಮೇಲೆ ಮಾಡ್ಸಿದ್ರು. ಹಿಮೋಗ್ಲೋಬಿನ್ 9.1. ಹನ್ನೆರಡಿರ್ಬೇಕು. ಹೈಸ್ಕೂಲಲ್ಲಿ ವಾರಕ್ಕೊಂದು ಕೊಡ್ತಿದ್ದ ನೀಲಿ ಮಾತ್ರೆ ಬ್ಯಾಗಿನ ಜೇಬಲ್ಲಿ ಹಾಗೇ ಉಳಿಸ್ಕೊಂಡು ಬಂದಿದ್ದಳಂತೆ, ಹೊಟ್ಟೆ ತೊಳಸುತ್ತೆ ಅಂತ. ಈಗ ಡಾಕ್ಟರು ಮಾತ್ರೆ ಬರೆದಿದಾರೆ, ಚಿಕ್ಕಮ್ಮ ಅದನ್ನ ದಿನಾ ಬೆಳಿಗ್ಗೆ ತಪ್ಪದೆ ಕೊಡ್ತಾ ಇದಾರೆ, ಕಾಫಿ ಲೋಟದ ಜೊತೆಗೆ. ಕಾಫಿ ಕುಡಿದ್ರೆ ಐರನ್ ಮೈಗೆ ಹಿಡಿಯಲ್ಲ ಚಿಕ್ಕಮ್ಮ, ಎರಡು ಗಂಟೆ ಆಗ್ಲಿ, ನಿಂಬೆಹಣ್ಣಿನ ನೀರಲ್ಲಿ ಕೊಡಿ ಅಂದ್ರೆ, "ಕಾಫಿ ಇಲ್ದೆ ಅವ್ಳು ಏಳೋದೇ ಇಲ್ವಲ್ಲಪ್ಪ" ಅಂತಾರೆ. ನಾಳೆ ಮತ್ತೆ ಫೋನ್ ಮಾಡ್ಬೇಕು.